ಮೂವತ್ತೊಂದನೇ ಪುಟ

ಪದ್ಮಶ್ರೀಯೂ ಆರತಿಯೂ ಗದಗಿನಲ್ಲಿ ಡಿ.ಇಡಿ. ಓದುವಾಗ ಒಂದೇ ಬೆಂಚಿನಲ್ಲಿ ಕುಳಿತವರು. ನೌಕರಿ ಸಿಕ್ಕಾಗ ಪದ್ಮಶ್ರೀಗೆ ಸೂಡಿ ದಾಟಿದ ಮೇಲೆ ಸಿಗುವ ಜಾಲಿಕಟ್ಟಿಯ ಸರಕಾರಿ ಶಾಲೆ ಬಂತು, ಆರತಿಗೆ ಇಟಗಿ ಕಡೆಯ ಇನ್ನೊಂದು ಹಳ್ಳಿ. ಇಬ್ಬರೂ ಗಜೇಂದ್ರಗಡದಲ್ಲಿ ನೇಕಾರರೊಬ್ಬರ ಮನೆಯ ಮಾಳಿಗೆಯ ಮೇಲೆ ಎರಡು ಖೋಲಿ ಹಿಡಿದು ಆರು ವರ್ಷ ಒಟ್ಟಿಗೆ ಇದ್ದರು.

ರವಿವಾರ ಬಂತೆಂದರೆ ಆ ಖೋಲಿಯ ನೆಲ ಕಾಣುತ್ತಿರಲಿಲ್ಲ. ಮದುವೆ ಕಾರ್ಡುಗಳ ಹಿಂಬದಿ, ಸೀರೆ ಪೆಟ್ಟಿಗೆಯ ರಟ್ಟು, ಹಳೆಯ ಕ್ಯಾಲೆಂಡರಿನ ಹಾಳೆ, ಎಲ್ಲವನ್ನೂ ಕತ್ತರಿಸಿ ಒಂದೊಂದು ಪದ ಬರೆದ ಮಿಂಚುಪಟ್ಟಿ, ಅಂಕಿಚೀಟಿ, ಕಥೆ ಜೋಡಿಸುವ ಚಿತ್ರಪಟ್ಟಿ ಮಾಡುತ್ತಿದ್ದರು. ಚಿತ್ರ ಬಿಡಿಸುವುದು, ಹೊಸ ಆಟ ಯೋಚಿಸುವುದು ಪದ್ಮಶ್ರೀಯ ಕೆಲಸ. ಅದನ್ನು ಯಾವ ಊರಿನ ಶಿಕ್ಷಕರೇ ಆಗಲಿ ಓದಿಕೊಂಡು ಮಾರನೆಯ ದಿನವೇ ತರಗತಿಯಲ್ಲಿ ಆಡಿಸುವ ಹಾಗೆ ಒಂದು, ಎರಡು, ಮೂರು ಎಂದು ಹಂತ ಹಚ್ಚಿ ಬರೆಯುವುದು ಆರತಿಯ ಕೆಲಸ. ಪದ್ಮಶ್ರೀಗೆ ತಾನು ಮಾಡಿದ್ದನ್ನು ವಿವರಿಸಲು ಬರುತ್ತಿರಲಿಲ್ಲ. ಆರತಿ ಬರೆದುಕೊಟ್ಟ ಹಾಳೆ ಓದಿದಾಗ, ಇದು ಇಷ್ಟು ಚಲೋ ಇತ್ತೇ ಎಂದು ಅವಳಿಗೇ ಅನಿಸುತ್ತಿತ್ತು.

ಆ ಚಿತ್ರಪಟ್ಟಿಗಳಲ್ಲಿ ಅರ್ಧಕ್ಕೂ ಹೆಚ್ಚು ಒಬ್ಬಳೇ ಹುಡುಗಿಗಾಗಿ ಹುಟ್ಟಿದವು. ಅವಳ ಹೆಸರು ಮೇಘಾ. ಜಾಲಿಕಟ್ಟಿಯಲ್ಲಿ ಕಡಲೆ, ಜೋಳ ಬೆಳೆಯುವ ಶಿವನಪ್ಪ ಮತ್ತು ಮಾಯವ್ವನ ಮಗಳು. ಒಂದು ಮತ್ತು ಎರಡನೇ ತರಗತಿಯಲ್ಲಿ ಮೇಘಾ ಕೊನೆಯ ಸಾಲಿನಲ್ಲಿ ಗೋಡೆಗೆ ಒರಗಿ ಕೂಡುತ್ತಿದ್ದಳು. ಕರೆದರೆ ತಿರುಗುತ್ತಿರಲಿಲ್ಲ. ಪದ್ಮಶ್ರೀ ಮೊದಲು ಅವಳನ್ನು ಹಟಮಾರಿ ಎಂದುಕೊಂಡಳು, ಆಮೇಲೆ ದಡ್ಡಿ ಎಂದುಕೊಂಡಳು. ಮೂರನೇ ತರಗತಿಯಲ್ಲಿ ಒಂದು ದಿನ ಹುಡುಗಿಯ ಕಿವಿಯಿಂದ ಕೀವು ಇಳಿದು ಅಂಗಿಯ ಕಾಲರಿಗೆ ಹತ್ತಿದ್ದು ಕಂಡಿತು. ತಾಯಿ ಮಗಳಿಬ್ಬರನ್ನೂ ಗದಗಿನ ದವಾಖಾನೆಗೆ ತಾನೇ ಕರೆದುಕೊಂಡು ಹೋದಳು. ಬಲಗಿವಿ ಪೂರಾ ಹೋಗಿದೆ, ಎಡಗಿವಿ ಅರ್ಧ ಉಳಿದಿದೆ, ಎರಡು ವರ್ಷ ಮೊದಲು ತಂದಿದ್ದರೆ ಎರಡನ್ನೂ ಉಳಿಸಬಹುದಿತ್ತು ಎಂದು ಡಾಕ್ಟರು ಹೇಳಿದರು. ಮಾಯವ್ವ ಅಲ್ಲೇ ಬೆಂಚಿನ ಮೇಲೆ ಕುಸಿದು, ಮಗಳು ಕಿವಿ ನೋವು ಎಂದಾಗಲೆಲ್ಲ ತಾನು ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟಿದ್ದೆ, ಅದರಿಂದಲೇ ಹೀಗಾಯಿತು ಎಂದು ಅತ್ತಳು. ಪದ್ಮಶ್ರೀ ಅವಳ ಬೆನ್ನ ಮೇಲೆ ಕೈ ಇಟ್ಟು ಕುಳಿತಳು. ಬಾಯಿ ತೆರೆಯಲಿಲ್ಲ.

ಹೇಳಬೇಕಾದದ್ದು ಇತ್ತು. ಮೇಘಾ ಒಂದನೇ ತರಗತಿಯಲ್ಲಿದ್ದಾಗ, ಆರೋಗ್ಯ ತಪಾಸಣೆಯವರು ಬರುವ ಮೊದಲು ಪ್ರತಿ ಮಗುವಿನ ಕಣ್ಣು, ಕಿವಿ, ಹಲ್ಲು ನೋಡಿ ನಮೂನೆ ತುಂಬಿಡಲು ಶಿಕ್ಷಕರಿಗೆ ತಿಳಿಸಿದ್ದರು. ಶಿಕ್ಷಕರು ಸಂಶಯವೆಂದು ಬರೆದ ಮಕ್ಕಳನ್ನು ಡಾಕ್ಟರು ಕೂಡಿಸಿಕೊಂಡು ನೋಡುತ್ತಿದ್ದರು. ಕಿವಿಯ ಪರೀಕ್ಷೆ ಎಂದರೆ ಮಗುವಿನ ಬೆನ್ನ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆಯುವುದು, ಅಷ್ಟೇ. ಪದ್ಮಶ್ರೀ ಯಾರನ್ನೂ ಕರೆದು ನೋಡಲಿಲ್ಲ. ಮೂವತ್ತೆಂಟು ಹೆಸರುಗಳ ಮುಂದೆ ಮೇಲಿನಿಂದ ಕೆಳಗೆ 'ಸರಿ ಇದೆ' ಎಂದು ಬರೆದುಬಿಟ್ಟಳು. ನಾಲ್ಕೂವರೆಯ ಬಸ್ಸು ತಪ್ಪಿದರೆ ಆರರ ತನಕ ಕಾಯಬೇಕಿತ್ತು. ಗಜೇಂದ್ರಗಡದಲ್ಲಿ ಅವಸರದ ಕೆಲಸವೇನೂ ಇರಲಿಲ್ಲ. ಖೋಲಿಗೆ ಹೋಗಿ ಚಹಾ ಕುಡಿದು ಅಡ್ಡಾಗಬೇಕಿತ್ತು.

ದವಾಖಾನೆಯಿಂದ ಬಂದ ವಾರ ಅವಳು ಇದನ್ನು ಆರತಿಗೆ ಹೇಳಿದಳು. ಮಾಳಿಗೆಯ ಮೆಟ್ಟಿಲ ಮೇಲೆ ಇಬ್ಬರೂ ಕಡಲೆ ಸೊಪ್ಪು ಸೋಸುತ್ತ ಕುಳಿತಿದ್ದ ಹೊತ್ತು. ಹೇಳುತ್ತ ಹೇಳುತ್ತ ಅಳು ಬಂತು. ಬಸ್ಸಿನ ಮಾತು, ಎಣ್ಣೆಯ ಮಾತು, ತಾನು ಸುಮ್ಮನೆ ಕುಳಿತದ್ದು, ಎಲ್ಲವನ್ನೂ ಹೇಳಿದಳು. ಆರತಿ ಅವಳ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡು, ಇದು ಈ ಮೆಟ್ಟಿಲ ಮೇಲೇ ಇರಲಿ, ಇಲ್ಲಿಂದ ಕೆಳಗೆ ಇಳಿಯುವುದು ಬೇಡ ಎಂದಳು. ಜಗತ್ತಿನಲ್ಲಿ ಅದನ್ನು ತಿಳಿದವಳು ಅವಳೊಬ್ಬಳೇ.

ಅಂದಿನಿಂದ ಪದ್ಮಶ್ರೀ ಮೇಘಾಳ ಬೆನ್ನು ಬಿಡಲಿಲ್ಲ. ಕಿವಿಗೆ ಮಷೀನು ಸಿಗುವ ತನಕ ಗದಗಿಗೆ ಏಳು ಸಲ ಓಡಾಡಿದಳು. ಕೇಳಿಸದ ಮಾತನ್ನು ಕಣ್ಣಿನಿಂದ ಹಿಡಿಯುವ ಆಟಗಳನ್ನು ಮಾಡಿದಳು. ತುಟಿ ನೋಡಿ ಚಿತ್ರ ಎತ್ತುವುದು, ಕೈಸನ್ನೆಯಿಂದ ಲೆಕ್ಕ ಕೂಡಿಸುವುದು, ಒಂದು ಕಥೆಯ ಹತ್ತು ಚಿತ್ರಗಳನ್ನು ಮಾತಿಲ್ಲದೆ ಸಾಲಾಗಿ ಇಡುವುದು. ಐದನೇ ತರಗತಿಗೆ ಬರುವಷ್ಟರಲ್ಲಿ ಮೇಘಾ ಶಾಲೆಯ ಕಪಾಟಿನ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದ್ದಳು. ಮಾಯವ್ವ ಹೊಲದಿಂದ ಬರುವಾಗ ಒಂದು ಹಿಡಿ ಹಸಿಗಡಲೆಯಾದರೂ ಶಾಲೆಯ ಕಿಟಕಿಯಲ್ಲಿ ಇಟ್ಟು ಹೋಗುತ್ತಿದ್ದಳು. ಮಗಳನ್ನು ಹಾಳು ಮಾಡಿದವಳು ತಾನು, ಉಳಿಸಿದವರು ಶಾಲೆಯ ಅಕ್ಕೋರು ಎಂದು ಊರಲ್ಲೆಲ್ಲ ಹೇಳುತ್ತಿದ್ದಳು.

ಈ ನಡುವೆ ಆರತಿ ಸಿ.ಆರ್.ಪಿ. ಆದಳು, ಗಜೇಂದ್ರಗಡದಲ್ಲೇ ಬೇರೆ ಮನೆ ಹಿಡಿದಳು. ಹತ್ತು ಹನ್ನೆರಡು ಶಾಲೆಗಳಿಗೆ ಹೋಗಿ ಶಿಕ್ಷಕರಿಗೆ ಮಾರ್ಗದರ್ಶನ ಮಾಡುವ ಕೆಲಸ. ಅವಳಿಗೆ ಹೇಳಿ ಮಾಡಿಸಿದಂತಿತ್ತು. ಶಿಕ್ಷಣದ ಕೆಲಸ ಮಾಡುವ ಒಂದು ಸಂಸ್ಥೆಯವರು ರೋಣ, ನರಗುಂದ, ಗಜೇಂದ್ರಗಡದ ಶಾಲೆಗಳಿಗಾಗಿ ಸಿದ್ಧ ಚಟುವಟಿಕೆಗಳ ಪುಸ್ತಕ ತರಲು ಹೊರಟಾಗ ಬರೆಯುವ ತಂಡಕ್ಕೆ ಅವಳನ್ನೇ ಮುಖ್ಯಸ್ಥೆಯನ್ನಾಗಿ ಮಾಡಿದರು. ಆರತಿ ರಟ್ಟಿನ ಡಬ್ಬಿಗಳಲ್ಲಿದ್ದ ಚಿತ್ರಪಟ್ಟಿಗಳನ್ನೆಲ್ಲ ಕೇಳಿ ಒಯ್ದಳು. ಪದ್ಮಶ್ರೀ ಸಂತೋಷದಿಂದ ಕೊಟ್ಟಳು. ನಿನ್ನ ಹೆಸರು, ನಿನ್ನ ಶಾಲೆಯ ಹೆಸರು ಎರಡೂ ಹಾಕಿಸುತ್ತೇನೆ ಎಂದು ಆರತಿ ಹೇಳಿದ್ದಳು.

ಪುಸ್ತಕ ಬಂದ ಮೇಲೆ ರೋಣದಲ್ಲಿ ಎರಡು ದಿನದ ತರಬೇತಿ ಇಟ್ಟರು. ಮೂರೂ ಕಡೆಯಿಂದ ಅರವತ್ತು ಜನ ಶಿಕ್ಷಕರು ಬಂದಿದ್ದರು. ಬಾಗಿಲಲ್ಲೇ ಎಲ್ಲರಿಗೂ ಒಂದೊಂದು ಪುಸ್ತಕ ಕೊಟ್ಟರು. ಹದಿನಾಲ್ಕನೇ ಪುಟದಲ್ಲಿ ಪದ್ಮಶ್ರೀಯ ಚಿತ್ರಗಳು ಬಣ್ಣದಲ್ಲಿ ಅಚ್ಚಾಗಿದ್ದವು. ಕೆಳಗೆ, ಕಿವಿ ಮಂದವಿದ್ದ ವಿದ್ಯಾರ್ಥಿನಿಗಾಗಿ ಈ ಆಟಗಳನ್ನು ರೂಪಿಸಿದವರು ಜಾಲಿಕಟ್ಟಿ ಶಾಲೆಯ ಪದ್ಮಶ್ರೀ ಎಂದು ಬರೆದಿತ್ತು. ಅವಳು ಆ ಪುಟವನ್ನು ಮೂರು ಸಲ ನೋಡಿದಳು. ವೇದಿಕೆಯ ಮೇಲೆ ಮೈಕು ಸರಿಪಡಿಸುತ್ತಿದ್ದ ಆರತಿ ಅವಳ ಕಡೆ ನೋಡಿ ನಕ್ಕಳು.

ಮಧ್ಯಾಹ್ನದ ಊಟವಾದ ಮೇಲೆ ಗುಂಪು ಚಟುವಟಿಕೆ. ಪ್ರತಿ ಗುಂಪಿಗೂ ಪುಸ್ತಕದ ಹಿಂಭಾಗದ ಒಂದೊಂದು ಸನ್ನಿವೇಶ. ಪದ್ಮಶ್ರೀಯ ಗುಂಪಿನಲ್ಲಿ ನಿವೃತ್ತಿಗೆ ಎರಡು ವರ್ಷವಿದ್ದ ವೇದವ್ಯಾಸ ಸರ್, ನರಗುಂದದಿಂದ ಬಂದ ತಬಸ್ಸುಮ ಎಂಬ ಹೊಸ ಶಿಕ್ಷಕಿ, ಇನ್ನಿಬ್ಬರು. ಅಕ್ಷರ ದುಂಡಗಿವೆ ಎಂದು ಸ್ಕೆಚ್ ಪೆನ್ನನ್ನೂ ದೊಡ್ಡ ಹಾಳೆಯನ್ನೂ ಪದ್ಮಶ್ರೀಯ ಕೈಗೆ ಕೊಟ್ಟರು. ವೇದವ್ಯಾಸ ಸರ್ ಕನ್ನಡಕ ಏರಿಸಿ ಮೂವತ್ತೊಂದನೇ ಪುಟ ತೆರೆದು ಗಟ್ಟಿಯಾಗಿ ಓದಿದರು.

"ಒಂದು ಹಳ್ಳಿಯ ಶಾಲೆ. ಶಿಕ್ಷಕಿಗೆ ನಾಲ್ಕೂವರೆಯ ಬಸ್ಸು ಹಿಡಿಯುವ ಅವಸರ. ಮೂವತ್ತೆಂಟು ಮಕ್ಕಳ ಕಿವಿಯನ್ನು ಅವರು ಪರೀಕ್ಷಿಸದೆಯೇ 'ಸರಿ ಇದೆ' ಎಂದು ಬರೆದರು. ಎರಡು ವರ್ಷಗಳ ನಂತರ ಅವರಲ್ಲಿ ಒಬ್ಬ ಬಾಲಕಿ ಶ್ರವಣಶಕ್ತಿ ಕಳೆದುಕೊಂಡಿದ್ದು ತಿಳಿಯಿತು. ತಾಯಿ ಇಂದಿಗೂ ತಾನು ಬಿಟ್ಟ ಎಣ್ಣೆಯೇ ಕಾರಣವೆಂದು ನಂಬಿದ್ದಾಳೆ. ಶಿಕ್ಷಕಿ ಸುಮ್ಮನಿದ್ದಾರೆ. ಈ ಶಿಕ್ಷಕಿಯ ತಪ್ಪುಗಳನ್ನು ಪಟ್ಟಿ ಮಾಡಿ."

ಪದ್ಮಶ್ರೀಗೆ ಮೊದಲು ಅರ್ಥವೇ ಆಗಲಿಲ್ಲ. ತನ್ನ ಮನಸ್ಸಿನೊಳಗಿನ ಮಾತು ಇವರಿಗೆ ಹೇಗೆ ಕೇಳಿಸಿತು ಎನಿಸಿತು. ಮೆಟ್ಟಿಲ ಮೇಲೆ ಅಳುತ್ತ ಹೇಳಿದ ಮಾತುಗಳು ಒಂದೂ ಬಿಡದೆ, ಯಾವ ಕ್ರಮದಲ್ಲಿ ಹೇಳಿದ್ದಳೋ ಅದೇ ಕ್ರಮದಲ್ಲಿ ಅಲ್ಲಿದ್ದವು.

ಗುಂಪಿನವರು ಹೇಳತೊಡಗಿದರು. ಅವಳು ಬರೆಯತೊಡಗಿದಳು. ಬೇರೆ ಏನು ಮಾಡಬೇಕೋ ತೋಚಲಿಲ್ಲ. ಕರ್ತವ್ಯಲೋಪ ಎಂದು ಬರೆದಳು. ಸುಳ್ಳು ದಾಖಲೆ ಎಂದು ಬರೆದಳು. ವೇದವ್ಯಾಸ ಸರ್ ಕೆಟ್ಟ ಮನುಷ್ಯರಲ್ಲ, ಆದರೆ ಅವರಿಗೆ ಸಿಟ್ಟು ಬಂದಿತ್ತು.

"ಮೊದಲನೇದು ಅವಸರ ಅನ್ರಿ, ಹೋಗಲಿ. ಆ ತಾಯಿ ಅಳೋದ ನೋಡಿ ಸುಮ್ಮ ಕೂತಾಳಲ್ಲ, ಅದಕ್ಕ ಏನಂತೀರಿ? ಅದನ್ನ ದೊಡ್ಡ ಅಕ್ಷರದಾಗ ಬರೀರಿ" ಎಂದರು.

ಅವಳು ದೊಡ್ಡ ಅಕ್ಷರದಲ್ಲಿ ಬರೆಯಲು ಹಾಳೆಗೆ ಬಾಗಿದಳು. ಅಷ್ಟರಲ್ಲಿ ಪುಸ್ತಕದ ಪುಟ ತಿರುವುತ್ತಿದ್ದ ತಬಸ್ಸುಮ ಹದಿನಾಲ್ಕನೇ ಪುಟದಲ್ಲಿ ನಿಂತಳು. ಕಿವಿ ಮಂದವಿದ್ದ ಹುಡುಗಿ, ಜಾಲಿಕಟ್ಟಿ, ಹೆಸರು. ಪದ್ಮಶ್ರೀಯ ಎದೆಯ ಮೇಲೆ ಪಿನ್ನು ಹಚ್ಚಿದ ಹೆಸರಿನ ಚೀಟಿಯನ್ನು ನೋಡಿದಳು. ಪುಸ್ತಕ ಮುಚ್ಚಿ ತೊಡೆಯ ಮೇಲೆ ಇಟ್ಟುಕೊಂಡು ಕೈ ಚಾಚಿದಳು.

"ಕೊಡ್ರಿ ಅಕ್ಕೋರ, ಉಳಿದದ್ದ ನಾ ಬರೀತೀನಿ."

ಆ ದಯೆಯಿಂದಲೇ ಪದ್ಮಶ್ರೀಗೆ ತಿಳಿಯಿತು, ಇಂದು ಒಬ್ಬಳು ಕಂಡುಹಿಡಿದದ್ದನ್ನು ನಾಳೆ ಯಾರು ಬೇಕಾದರೂ ಕಂಡುಹಿಡಿಯಬಹುದು.

ಚಹಾದ ಹೊತ್ತಿಗೆ ಅವಳು ಆರತಿಯನ್ನು ವರಾಂಡದ ತುದಿಗೆ ಕರೆದೊಯ್ದಳು. ಆರತಿಯ ಮುಖ ನೋಡಿದರೆ ಅವಳು ಈ ಗಳಿಗೆಗೆ ಸಿದ್ಧಳಾಗಿಯೇ ಬಂದಂತಿತ್ತು. ಸನ್ನಿವೇಶದಲ್ಲಿ ಊರಿನ ಹೆಸರಿಲ್ಲ, ಯಾರ ಹೆಸರೂ ಇಲ್ಲ, ಯಾವ ಶಾಲೆಯೂ ಇರಬಹುದು ಎಂದಳು. ಪದ್ಮಶ್ರೀ ಹದಿನಾಲ್ಕನೇ ಪುಟ ತೆರೆದು ತೋರಿಸಿದಳು. ಆರತಿ ಆ ಎರಡು ಪುಟಗಳನ್ನು ಒಟ್ಟಿಗೆ ಯೋಚಿಸಿಯೇ ಇರಲಿಲ್ಲ. ಅದು ಅವಳ ಕಣ್ಣಲ್ಲಿ ಕಂಡಿತು. ಆದರೂ, ಮೂವತ್ತೊಂದನೇ ಪುಟ ಓದಿ ನೂರು ಜನ ಶಿಕ್ಷಕರು ನಾಳೆ ಮಕ್ಕಳ ಕಿವಿ ನೋಡುತ್ತಾರೆ, ಕಲ್ಪಿಸಿ ಬರೆದದ್ದಕ್ಕೆ ಈ ಬಿಸಿ ಬರುತ್ತಿರಲಿಲ್ಲ ಎಂದಳು.

"ನನ್ನ ಒಂದ ಮಾತ ಕೇಳಬಹುದಿತ್ತಲ್ಲ, ಆರತಿ" ಎಂದಳು ಪದ್ಮಶ್ರೀ.

"ಕೇಳಿದ್ರ ನೀ ಬ್ಯಾಡ ಅಂತಿದ್ದಿ."

ಇದನ್ನು ಆರತಿ ಸಿಟ್ಟಿನಿಂದ ಹೇಳಲಿಲ್ಲ. ಸರಳವಾದ ಸಂಗತಿಯೊಂದನ್ನು ವಿವರಿಸುವಂತೆ ಹೇಳಿದಳು. ಪದ್ಮಶ್ರೀಗೆ ಮೂವತ್ತೊಂದನೇ ಪುಟಕ್ಕಿಂತ ಆ ಮಾತು ಹೆಚ್ಚು ನಾಟಿತು. ಮರೆತು ಬರೆದದ್ದಲ್ಲ, ತಿಳಿಯದೆ ಬರೆದದ್ದಲ್ಲ. ಬೇಡ ಎನ್ನುತ್ತಾಳೆಂದು ತಿಳಿದೇ ಕೇಳದೆ ಬಿಟ್ಟದ್ದು. ಎರಡನೆಯ ದಿನದ ತರಬೇತಿಗೆ ಅವಳು ಹೋಗಲಿಲ್ಲ.

ಸೋಮವಾರ ಶಾಲೆಗೆ ಬಂದರೆ ಪುಸ್ತಕ ಅವಳಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಮುಖ್ಯಗುರು ಮಹಮ್ಮದಸಾಬರು ಪ್ರತಿಯನ್ನು ಮೇಜಿನ ಮೇಲಿಟ್ಟು, ನಮ್ಮ ಶಾಲೆಯ ಹೆಸರು ಅಚ್ಚಾಗಿದೆ ಎಂದು ಮಕ್ಕಳಿಗೆಲ್ಲ ತೋರಿಸಿದ್ದರು. ಏಳನೇ ತರಗತಿಯಲ್ಲಿದ್ದ ಮೇಘಾ ತನ್ನ ಚಿತ್ರಪಟ್ಟಿಗಳನ್ನು ಗುರುತು ಹಿಡಿದು, ಮನೆಗೆ ಒಯ್ದು ಅವ್ವನಿಗೆ ತೋರಿಸುತ್ತೇನೆ ಎಂದು ದುಂಬಾಲು ಬಿದ್ದಳು. ಮಹಮ್ಮದಸಾಬರು ಅಕ್ಕೋರನ್ನು ಕೇಳು ಎಂದರು. ಪದ್ಮಶ್ರೀ ಸಂಜೆ ಕೊಡುತ್ತೇನೆಂದಳು. ಮಕ್ಕಳು ಆಟಕ್ಕೆ ಹೋದಾಗ ಕಪಾಟಿನ ಮರೆಯಲ್ಲಿ ನಿಂತು, ಬ್ಲೇಡಿನಿಂದ ಮೂವತ್ತೊಂದನೇ ಪುಟದ ಹಾಳೆಯನ್ನು ಬುಡದಲ್ಲಿ ಕತ್ತರಿಸಿ ತನ್ನ ಬ್ಯಾಗಿನಲ್ಲಿ ಇಟ್ಟುಕೊಂಡಳು. ಆರತಿ ತನಗೆ ಮಾಡಿದ್ದನ್ನು ಯೋಚಿಸುತ್ತಲೇ ಆ ಕೆಲಸ ಮುಗಿಸಿದಳು.

ಮಾರನೆಯ ದಿನ ಮಧ್ಯಾಹ್ನ ಮಾಯವ್ವ ಶಾಲೆಗೆ ಬಂದಳು. ಕೈಯಲ್ಲಿ ಸ್ಟೀಲಿನ ಡಬ್ಬಿ, ಅದರಲ್ಲಿ ಆಗಷ್ಟೇ ಮಾಡಿದ ಶೇಂಗಾ ಹೋಳಿಗೆ. ಮಗಳು ಹದಿನಾಲ್ಕನೇ ಪುಟವನ್ನು ಓಣಿಯ ಹೆಂಗಸರಿಗೆಲ್ಲ ಓದಿ ಹೇಳಿದ್ದಳು. ನಮ್ಮ ಮೇಘಾನ ಸಲುವಾಗಿ ಮಾಡಿದ್ದನ್ನು ಈಗ ಊರೂರಿನ ಮಕ್ಕಳು ಓದುತ್ತಾರೆ, ನಾನು ಮಾಡಿದ ತಪ್ಪನ್ನು ನೀವು ಇಷ್ಟು ದೊಡ್ಡ ಪುಣ್ಯ ಮಾಡಿಬಿಟ್ಟಿರಿ ಎಂದು ಮಾಯವ್ವ ಹೇಳಿದಳು. ಡಬ್ಬಿ ಇನ್ನೂ ಬಿಸಿಯಿತ್ತು.

ನಾನು ಮಾಡಿದ ತಪ್ಪು ಎಂಬ ಆ ಮಾತನ್ನು ಪದ್ಮಶ್ರೀ ನಾಲ್ಕು ವರ್ಷದಿಂದ ಕೇಳುತ್ತ ಬಂದಿದ್ದಳು. ಆ ದಿನ ಕೇಳಿಸಿಕೊಳ್ಳಲಾಗಲಿಲ್ಲ. ಮಾಯವ್ವನನ್ನು ವರಾಂಡದ ಕಟ್ಟೆಯ ಮೇಲೆ ಕೂಡಿಸಿ, ಬ್ಯಾಗಿನಿಂದ ಹಾಳೆ ತೆಗೆದು, ಮೊದಲಿನಿಂದ ಕೊನೆಯ ತನಕ ಓದಿದಳು. ಓದಿ ಮುಗಿಸಿ, ಇದರಲ್ಲಿರುವ ಶಿಕ್ಷಕಿ ನಾನು ಎಂದಳು.

ಮಾಯವ್ವ ಅಂಗಳದ ಕಡೆ ಮುಖ ತಿರುಗಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಇಕಿ ಒಂದನೇ ಕ್ಲಾಸಿನಾಗ ಇದ್ದಾಗ ನಾ ಬಂದು ಕೇಳಿದ್ದೆ ನಿಮ್ಮನ್ನ. ಹುಡುಗಿಗೆ ಸರಿ ಕೇಳಸೂದಿಲ್ಲ ಅನಸ್ತೈತಿ, ನೋಡ್ರಿ ಅಂದಿದ್ದೆ. ನೆನಪೈತೇನ್ರಿ?"

ನೆನಪಿತ್ತು. ನಮೂನೆ ತುಂಬುವುದಕ್ಕೂ ಮೊದಲಿನ ಮಾತು. ಕಿವಿ ಚಲೋ ಇವೆ, ಲಕ್ಷ್ಯ ಇಲ್ಲ ಅಷ್ಟೇ ಎಂದು ಹೇಳಿ ಕಳಿಸಿದ್ದಳು. ಅದನ್ನು ಮಾತ್ರ ಅವಳು ಮೆಟ್ಟಿಲ ಮೇಲೆ ಆರತಿಗೂ ಹೇಳಿರಲಿಲ್ಲ. ಹಾಗಾಗಿ ಪುಸ್ತಕದಲ್ಲಿಯೂ ಅದು ಇರಲಿಲ್ಲ. ಪದ್ಮಶ್ರೀ ಹೌದೆಂದು ತಲೆ ಆಡಿಸಿದಳು.

"ಹೋಗ್ಲಿ. ತಪ್ಪ ಯಾರಿಗೆ ಆಗೂದಿಲ್ಲ" ಎಂದಳು ಮಾಯವ್ವ. "ಆದ್ರ ನಾ ಎಣ್ಣಿ ಬಿಟ್ಟಿದ್ದಕ್ಕ ಆತು ಅಂತ ಅಳೂಮುಂದ ನೀವು ಬಾಜೂಕ ಕುಂತಿದ್ರಿ. ಬೆನ್ನ ಮ್ಯಾಲೆ ಕೈ ಇಟ್ಟಿದ್ರಿ. ಆ ಕೈ ಯಾಕ ಇಟ್ರಿ?"

ಮಾಯವ್ವ ಇನ್ನೊಂದು ಮಾತು ಕೇಳಿದಳು. ಇದು ತನಗಿಂತ ಮೊದಲು ಎಷ್ಟು ಜನಕ್ಕೆ ಗೊತ್ತಾಯಿತು ಎಂದು. ಪುಸ್ತಕ ಓದಿದವರಿಗೆಲ್ಲ ಎಂದು ಹೇಳಬೇಕಾಯಿತು. ಮಾಯವ್ವ ಎದ್ದು ಸೆರಗು ಸರಿಮಾಡಿಕೊಂಡು ಗೇಟಿನ ಕಡೆ ನಡೆದಳು. ಡಬ್ಬಿ ಕಟ್ಟೆಯ ಮೇಲೇ ಉಳಿಯಿತು. ಅದನ್ನು ತೊಳೆದು ಮೇಘಾಳ ಕೈಯಲ್ಲಿ ಕಳಿಸಲು ಪದ್ಮಶ್ರೀಗೆ ಒಂದು ವಾರ ಬೇಕಾಯಿತು.

ಮೇಘಾ ಶಾಲೆ ಬಿಡಲಿಲ್ಲ. ಮೂರು ದಿನ ಅವಳು ಪದ್ಮಶ್ರೀಯ ಕಡೆ ನೋಡಲಿಲ್ಲ. ನಾಲ್ಕನೆಯ ದಿನ ಎಲ್ಲರೂ ಹೋದ ಮೇಲೆ ಬಾಗಿಲಲ್ಲಿ ನಿಂತಳು. ಅವ್ವ ಎಲ್ಲ ಹೇಳಿದಳೆಂದಳು. ಎಡಗಿವಿಯ ಮಷೀನನ್ನು ಒತ್ತಿ ಸರಿಮಾಡಿಕೊಂಡು, ಮಾತು ತಪ್ಪಿಹೋಗಬಾರದೆಂದು ಪದ್ಮಶ್ರೀಯ ತುಟಿಯನ್ನೇ ನೋಡುತ್ತ ಕೇಳಿದಳು.

"ಅವತ್ತ ನಿಮಗ ಬಸ್ ಸಿಕ್ತೇನ್ರಿ, ಅಕ್ಕೋರ?"

"ಸಿಕ್ತವಾ" ಎಂದಳು ಪದ್ಮಶ್ರೀ.

ಹುಡುಗಿ ಹೌದೇ ಎಂಬಂತೆ ತಲೆ ಆಡಿಸಿ, ಚೀಲ ಹೆಗಲಿಗೆ ಹಾಕಿಕೊಂಡು ಹೋದಳು. ವರ್ಷ ಮುಗಿದಾಗ ವರ್ಗಾವಣೆ ಪತ್ರ ಒಯ್ಯಲು ಶಿವನಪ್ಪ ಬಂದ. ಮೇಘಾ ಈಗ ಗಜೇಂದ್ರಗಡದ ಹೈಸ್ಕೂಲಿನಲ್ಲಿ ಎಂಟನೇ ತರಗತಿ. ಮಾಯವ್ವ ಬಸ್ಸಿನಲ್ಲಿ ಎದುರಾದರೆ ಆರಾಮ ಇದ್ದೀರೇನ್ರಿ ಎಂದು ಕೇಳುತ್ತಾಳೆ, ಉತ್ತರಕ್ಕೆ ಕಾಯದೆ ಮುಂದಿನ ಸೀಟಿಗೆ ಹೋಗಿ ಕೂಡುತ್ತಾಳೆ. ಕಿಟಕಿಯಲ್ಲಿ ಹಸಿಗಡಲೆ ಇಡುವುದು ಅಂದೇ ನಿಂತಿತು.

ಆರತಿ ಜಾಲಿಕಟ್ಟಿಗೆ ಬಂದದ್ದು ಶಾಲೆಗಳು ಮತ್ತೆ ತೆರೆದ ಮೇಲೆ, ಎಲ್ಲ ಶಾಲೆಗಳಿಗೆ ಬರುವ ಹಾಗೆ, ಭೇಟಿ ಪುಸ್ತಕದಲ್ಲಿ ಸಹಿ ಮಾಡಿ. ಮಹಮ್ಮದಸಾಬರು ಚಹಾ ತರಿಸಿ ಇಬ್ಬರನ್ನೂ ಬಿಟ್ಟು ಹೊರಗೆ ಹೋದರು. ಆರತಿ ಸೊರಗಿದ್ದಳು. ಪುಸ್ತಕದ ಎರಡನೇ ಮುದ್ರಣ ಬರುತ್ತಿದೆ, ಮೂವತ್ತೊಂದನೇ ಪುಟ ತೆಗೆಯೆಂದರೆ ತೆಗೆಸುತ್ತೇನೆ, ನಿನ್ನ ಒಂದು ಮಾತು ಸಾಕು ಎಂದಳು. ನರಗುಂದದ ತಬಸ್ಸುಮ ತನ್ನ ಶಾಲೆಯ ಮಕ್ಕಳನ್ನೆಲ್ಲ ಒಬ್ಬೊಬ್ಬರಾಗಿ ಕರೆದು ನೋಡಿ, ಒಬ್ಬ ಹುಡುಗಿಯ ಕಿವಿ ಸೋರುವುದನ್ನು ಹಿಡಿದಳು, ಆ ಹುಡುಗಿ ಔಷಧದಲ್ಲೇ ಗುಣವಾದಳು ಎಂದೂ ಹೇಳಿದಳು. ಹೇಳುವಾಗ ಅವಳ ದನಿಯಲ್ಲಿ ಕ್ಷಮೆಯ ನಿರೀಕ್ಷೆ ಇತ್ತು.

ಪದ್ಮಶ್ರೀಗೆ ಆ ಹುಡುಗಿಯ ಸುದ್ದಿ ಕೇಳಿ ನಿಜವಾಗಿ ಸಂತೋಷವಾಯಿತು. ಆರತಿಯಿಂದಾದ ಸಂಕಟ ಅದರಿಂದ ಒಂದಿಷ್ಟೂ ಕಡಿಮೆಯಾಗಲಿಲ್ಲ. ಎರಡೂ ಬೇರೆ ಬೇರೆಯಾಗಿಯೇ ಉಳಿದವು. ಪುಟ ಇರಲಿ ಎಂದಳು. ಹದಿನಾಲ್ಕನೇ ಪುಟದಲ್ಲಿರುವ ತನ್ನ ಹೆಸರು ತೆಗೆಯಲು ಹೇಳಿದಳು. ಆಮೇಲೆ, ಸನ್ನಿವೇಶದಲ್ಲಿ ಒಂದು ಮಾತು ಬಿಟ್ಟುಹೋಗಿದೆ, ಆ ತಾಯಿ ಮೊದಲೇ ಬಂದು ಕೇಳಿದ್ದಳು, ಶಿಕ್ಷಕಿ ಏನೂ ಆಗಿಲ್ಲ ಎಂದು ಕಳಿಸಿದ್ದಳು, ಹಾಕುವುದಾದರೆ ಅದನ್ನೂ ಹಾಕು ಎಂದಳು.

ಹಳೆಯ ಆರತಿಯಾಗಿದ್ದರೆ ಇದನ್ನು ಕೇಳಿ ಕೈ ಹಿಡಿಯುತ್ತಿದ್ದಳು ಎಂದು ಪದ್ಮಶ್ರೀ ಅಂದುಕೊಂಡಿದ್ದಳೋ ಏನೋ. ಆರತಿ ಬ್ಯಾಗಿನಿಂದ ಡೈರಿ ತೆಗೆದು, ಪೆನ್ನಿನ ಟೋಪಿ ಬಿಚ್ಚಿದಳು.

"ಆಕಿ ಬಂದು ಕೇಳಿದ್ದು ಯಾವ ತಿಂಗಳಾಗ?"

ಪದ್ಮಶ್ರೀ ತಿಂಗಳು ಹೇಳಿದಳು. ಆರತಿ ಬರೆದುಕೊಂಡಳು. ಆಮೇಲೆ ಇಬ್ಬರೂ ಚಹಾ ಮುಗಿಸಿದರು. ಆರತಿ ಸೂಡಿಯ ಕಡೆ ಗಾಡಿ ತಿರುಗಿಸಿದಳು, ಪದ್ಮಶ್ರೀ ಒಂದನೇ ತರಗತಿಗೆ ಹೋದಳು. ಗಜೇಂದ್ರಗಡದಲ್ಲಿ ಅವರಿಬ್ಬರ ಮನೆಗಳ ನಡುವೆ ಎರಡೇ ಓಣಿ. ಒಬ್ಬರ ಮನೆಗೆ ಒಬ್ಬರು ಹೋಗದೆ ಈಗ ವರ್ಷವಾಗುತ್ತ ಬಂತು.